ಯೂನಿಫಾರ್ಮ್ ಹಾಕ್ಕೊಂಡ್ರೆ ಒಬ್ರು ಇಬ್ರಾಗ್ತಾರಾ? ಕಾರ್‌ಪೂಲ್ ಲೇನ್ ವಿನಾಯ್ತಿಯ ಲೆಕ್ಕ

ಅಮೆರಿಕದ ವರ್ಜೀನಿಯಾ ರಾಜ್ಯದ ಕಾನೂನಲ್ಲಿ, ಸೆಕ್ಷನ್ 33.2-501 ಅನ್ನೋದ್ರಲ್ಲಿ, ಒಂದು ಪಟ್ಟಿ ಇದೆ. ಕಾರ್‌ಪೂಲ್ ಲೇನಲ್ಲಿ ಒಬ್ರೇ ಓಡಿಸ್ಕೊಂಡು ಹೋದ್ರೂ ಫೈನ್ ಬೀಳಲ್ಲ ಅಂತ ಯಾರ್ಯಾರಿಗೆ ಹೇಳಿದಾರೆ ಅನ್ನೋ ಪಟ್ಟಿ. ಫೈರ್ ಎಂಜಿನ್ನು, ಆಂಬುಲೆನ್ಸು, ಪೊಲೀಸ್ ಗಾಡಿ, ಬೈಕು, ಬಸ್ಸು ಎಲ್ಲಾ ಬರುತ್ತೆ, ಆಮೇಲೆ ಒಂದು ವಿಚಿತ್ರವಾದ ಐಟಂ ಬರುತ್ತೆ: ಸೇವೆಯಲ್ಲಿರೋ ಮಿಲಿಟರಿಯವರು, ಯೂನಿಫಾರ್ಮ್ ಹಾಕ್ಕೊಂಡಿದ್ರೆ, ಇಂಟರ್‌ಸ್ಟೇಟ್ 64 ಅಥವಾ 264ರಲ್ಲಿ, ಹ್ಯಾಂಪ್ಟನ್ ರೋಡ್ಸ್ ಪ್ರದೇಶದ ಮಿಲಿಟರಿ ನೆಲೆಗೆ ಹೋಗ್ತಾ ಇದ್ರೆ ಇಲ್ಲಾ ಅಲ್ಲಿಂದ ಬರ್ತಾ ಇದ್ರೆ. ನಾಲ್ಕು ಷರತ್ತು ಒಂದರ ಮೇಲೊಂದು. ಇದರರ್ಥ ಏನಂದ್ರೆ ಆ ಎರಡು ರಸ್ತೇಲಿ ಬೆಳಿಗ್ಗೆ ಒಬ್ಬ ನಾವಿಕ ಯೂನಿಫಾರ್ಮಲ್ಲಿ ಒಬ್ನೇ ಹೋದ್ರೆ ಅವನು ಲೆಕ್ಕಕ್ಕೆ ಇಬ್ರು, ಅದೇ ಮನುಷ್ಯ ಶನಿವಾರ ಟೀಶರ್ಟ್ ಹಾಕ್ಕೊಂಡು ಬೀಚಿಗೆ ಹೊರಟ್ರೆ ಬರೀ ಒಬ್ಬ.

ಊರಲ್ಲಿರೋರಿಗೆ ಕಾರ್‌ಪೂಲ್ ಲೇನ್ ಅಂದ್ರೇನು ಅಂತ ಎರಡು ಮಾತು ಹೇಳಿಬಿಡ್ತೀನಿ. ಹೈವೇಯಲ್ಲಿ ಎಡಗಡೆ ತುದೀಲಿ, ವಜ್ರದಾಕಾರದ ಬಿಳಿ ಗುರುತು ಬಳಿದಿರೋ ಒಂದು ಲೇನ್ ಇರುತ್ತೆ, ಕಾರಲ್ಲಿ ಇಬ್ರು ಇಲ್ಲಾ ಮೂವರಿಗಿಂತ ಕಮ್ಮಿ ಇದ್ರೆ ಟ್ರಾಫಿಕ್ ಹೊತ್ತಲ್ಲಿ ಆ ಲೇನಿಗೆ ಹೋಗಂಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿಬಿದ್ರೆ ಕನಿಷ್ಠ 490 ಡಾಲರ್, ಹೈವೇ ಪಕ್ಕದ ಬೋರ್ಡಲ್ಲೇ ಬರೆದಿರ್ತಾರೆ. ಸರ್ಕಾರಿ ಭಾಷೇಲಿ ಇದನ್ನ ಎಚ್‌ಒವಿ ಲೇನ್ ಅಂತಾರೆ, ಅಂದ್ರೆ ಹೆಚ್ಚು ಜನ ಕೂತಿರೋ ಗಾಡಿಗಳ ಲೇನು.

ಈ ಲೇನನ್ನ ಸೈನಿಕರಿಗೆ, ಫೈರ್‌ಫೈಟರ್‌ಗಳಿಗೆ, ನರ್ಸುಗಳಿಗೆ, ಪೊಲೀಸರಿಗೆ ಬಿಟ್ಟುಕೊಡಬೇಕು ಅನ್ನೋ ಮಾತು ಆಗಾಗ ಏಳ್ತಾನೇ ಇರುತ್ತೆ, ಈಗ ಅದಕ್ಕೆ ಮತ್ತೆ ಹೊತ್ತು ಬಂದಿದೆ ಅಂತ ನನಗನ್ಸುತ್ತೆ, ಯಾಕಂದ್ರೆ 2025ರ ಸೆಪ್ಟೆಂಬರ್ 30ಕ್ಕೆ ಎಲೆಕ್ಟ್ರಿಕ್ ಕಾರುಗಳ ಕಾರ್‌ಪೂಲ್ ವಿನಾಯ್ತಿಯ ಫೆಡರಲ್ ಗಡುವು ಮುಗೀತು. ಕ್ಯಾಲಿಫೋರ್ನಿಯಾ ಒಂದರಲ್ಲೇ ಐದು ಲಕ್ಷಕ್ಕೂ ಹೆಚ್ಚು ಕಾರುಗಳ ಮೇಲಿದ್ದ ವಿನಾಯ್ತಿ ಸ್ಟಿಕರ್ ರಾತ್ರೋರಾತ್ರಿ ಬರೀ ಬಣ್ಣದ ಕಾಗದ ಆಗೋಯ್ತು. ಫ್ರೀಮಾಂಟು, ಮಿಲ್ಪಿಟಾಸು, ಸನಿವೇಲು ಕಡೆ ಇರೋ ನಮ್ಮ ಕನ್ನಡದವರು ಎಷ್ಟು ಜನ ಟೆಸ್ಲಾ ತಗೊಂಡಿದ್ದೇ ಆ ಸ್ಟಿಕರಿಗೆ ಅಂತ ಅವರನ್ನೇ ಕೇಳಿ, ಅಕ್ಟೋಬರ್ 1ರ ಬೆಳಿಗ್ಗೆ ಅಲ್ಲಿನ 880 ಹೈವೇಯಲ್ಲಿ ಅವರ ಮುಖ ನೋಡಬೇಕಿತ್ತು. ಲೇನಲ್ಲಿ ಒಂದಿಷ್ಟು ಜಾಗ ಖಾಲಿ ಆಯ್ತು ಅಂದ್ರೆ ಅದನ್ನ ಇನ್ಯಾರಿಗಾದ್ರೂ ಕೊಡೋಣ ಅಂತ ಯಾರಿಗಾದ್ರೂ ಅನ್ಸೇ ಅನ್ಸುತ್ತೆ, ಆಗ ಮೊದಲು ಬಾಯಿಗೆ ಬರೋ ಹೆಸರು ಸೈನಿಕರದ್ದು.

ಇಲ್ಲಿ ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳಬೇಕು. ಎಮರ್ಜೆನ್ಸಿ ವಾಹನ ಬೇರೆ, ಎಮರ್ಜೆನ್ಸಿ ಕೆಲಸದವರು ಬೇರೆ. ಸೈರನ್ ಹಾಕ್ಕೊಂಡು ಹೊರಟ ಆಂಬುಲೆನ್ಸಿಗೆ ಯಾವ ಲೇನ್ ಅಂತ ಯಾರೂ ಕೇಳಲ್ಲ, ಕೇಳಲೂಬಾರದು, ಅದಕ್ಕೆ ಹೊಸ ಕಾನೂನೂ ಬೇಕಾಗಿಲ್ಲ. ವಾದ ಇರೋದೆಲ್ಲಾ ಸ್ವಂತ ಕಾರಲ್ಲಿ ಡ್ಯೂಟಿಗೆ ಹೋಗೋ ಮನುಷ್ಯನ ಬಗ್ಗೆ. 24 ಗಂಟೆ ಶಿಫ್ಟ್ ಮುಗಿಸಿ ಮನೆಗೆ ಹೊರಟ ಫೈರ್‌ಫೈಟರ್, ಬೆಳಿಗ್ಗೆ ಏಳಕ್ಕೆ ವಾರ್ಡಲ್ಲಿ ಇರಬೇಕಾದ ನರ್ಸ್, ಹಡಗು ಹತ್ತಬೇಕಾದ ನಾವಿಕ. ಇವರು ಎಮರ್ಜೆನ್ಸಿಗೆ ಹೋಗ್ತಿಲ್ಲ, ಕೆಲಸಕ್ಕೆ ಹೋಗ್ತಿದಾರೆ. ಕೆಲಸ ಎಮರ್ಜೆನ್ಸಿದು ಅಷ್ಟೆ. ಈ ವಿನಾಯ್ತಿ ಕೇಳೋ ಭಾಷಣಗಳಲ್ಲಿ ಎರಡನ್ನೂ ಕಲಸಿ ಒಂದೇ ಪಾತ್ರೇಲಿ ಬಡಿಸ್ತಾರೆ, ಕೇಳೋರ ಕಣ್ಮುಂದೆ ಬರೋದು ಕೆಂಪು ದೀಪದ ಗಾಡಿ, ಮಸೂದೇಲಿ ಇರೋದು ಹೋಂಡಾ ಸಿವಿಕ್ ಥರದ ಸ್ವಂತ ಕಾರು.

ಮಧ್ಯದಲ್ಲಿ ಒಂದು ಬೂದು ಜಾಗ ಇದೆ ಅದನ್ನೂ ಹೇಳಬೇಕು. ಅಮೆರಿಕದಲ್ಲಿ ಫೈರ್‌ಫೈಟರ್‌ಗಳಲ್ಲಿ ಸುಮಾರು ಮೂರನೇ ಎರಡು ಭಾಗ ಸ್ವಯಂಸೇವಕರು, ಕರೆ ಬಂದ ತಕ್ಷಣ ಸ್ವಂತ ಕಾರಲ್ಲೇ ಓಡ್ತಾರೆ. ನ್ಯೂಯಾರ್ಕ್ ರಾಜ್ಯದಲ್ಲಿ ಅವರು ಕಾರಿಗೆ ನೀಲಿ ದೀಪ ಹಾಕ್ಕೋಬಹುದು, ಆದ್ರೆ ಅದು ಬರೀ ವಿನಂತಿ, ದಾರಿ ಬಿಡ್ತೀರಾ ಅಂತ ಕೇಳೋ ದೀಪ. ಟ್ರಾಫಿಕ್ ರೂಲ್ಸ್ ಒಂದೂ ಮುರಿಯಂಗಿಲ್ಲ. ನಿಜವಾದ ಬೆಂಕಿಗೆ ಓಡೋನಿಗೇ ಇಷ್ಟು ಬಿಗಿ ಅಂದ್ಮೇಲೆ ಶಿಫ್ಟಿಗೆ ಹೋಗೋನಿಗೆ ಲೇನ್ ಕೊಡೋದು ಸ್ವಲ್ಪ ಉಲ್ಟಾ ಅಲ್ವಾ.

ಫೆಡರಲ್ ಕಾನೂನೇನು ಹೇಳುತ್ತೆ? ಟೈಟಲ್ 23, ಸೆಕ್ಷನ್ 166. ಅದರಲ್ಲಿ ರಾಜ್ಯಗಳು ಯಾರನ್ನ ಒಳಗೆ ಬಿಡಬಹುದು ಅಂತ ಪಟ್ಟಿ ಇದೆ: ಬೈಕು, ಬಸ್ಸು, ಟೋಲ್ ಕೊಟ್ಟು ಬರೋರು, ಗಡುವು ಇರೋವರೆಗೆ ಎಲೆಕ್ಟ್ರಿಕ್ ಥರದ ಕ್ಲೀನ್ ಕಾರುಗಳು. 2021ರ ಇನ್‌ಫ್ರಾಸ್ಟ್ರಕ್ಚರ್ ಕಾನೂನು ಬಂದಾಗ ಇದಕ್ಕೆ ರಕ್ತ ಸಾಗಿಸೋ ವಾಹನಾನೂ ಸೇರಿಸಿದ್ರು, ಅದೂ ಹೊರಗಿಂದ ನೋಡಿದ್ರೆ ಗುರುತು ಸಿಗೋ ಹಾಗಿದ್ರೆ ಮಾತ್ರ. ನನಗೆ ಇದು ಸರಿಯಾದ ವಿನಾಯ್ತಿ ಅನ್ಸುತ್ತೆ, ಯಾಕಂದ್ರೆ ಅಲ್ಲಿ ನೋಡೋದು ಡ್ರೈವರ್ ಯಾರು ಅಂತ ಅಲ್ಲ, ಡಿಕ್ಕಿಯಲ್ಲಿ ಏನಿದೆ ಎಲ್ಲಿಗೆ ಹೋಗ್ತಿದೆ ಅಂತ. ಅದೇ ಸೆಕ್ಷನ್ನಲ್ಲಿ ಇನ್ನೊಂದು ಷರತ್ತಿದೆ, ಇಡೀ ಜಗಳದ ಬೇರು ಅದೇ: ಕ್ಲೀನ್ ಕಾರು, ಟೋಲ್ ಕೊಡೋರು ಇಂಥೋರನ್ನ ಒಳಗೆ ಬಿಟ್ಕೊಂಡ ಮೇಲೂ, ಪೀಕ್ ಅವರಲ್ಲಿ 90 ಶೇಕಡ ಹೊತ್ತು ಲೇನಿನ ಸರಾಸರಿ ವೇಗ ಗಂಟೆಗೆ 45 ಮೈಲಿಗಿಂತ ಕೆಳಗೆ ಇಳೀಬಾರದು, 180 ದಿನದ ಲೆಕ್ಕ. ಇಳಿದ್ರೆ ಲೇನ್ ಕೆಟ್ಟಿದೆ ಅಂತ, ರಿಪೇರಿ ಪ್ಲಾನ್ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಈ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲೇನುಗಳು ಫೇಲ್.

ಈಗ ಲೆಕ್ಕಕ್ಕೆ ಬರೋಣ, ಸ್ವಲ್ಪ ತಾಳ್ಮೆ ಇರಲಿ. ಒಂದು ಲೇನಲ್ಲಿ ಗಂಟೆಗೆ ಸುಮಾರು 1,600 ಕಾರು ಹೋಗೋವರೆಗೂ ಆರಾಮಾಗಿ ಹೋಗುತ್ತೆ ಅಂತಿಟ್ಕೊಳ್ಳಿ, ಅದರ ಮೇಲೆ ಹೋದ್ರೆ ಯಾರೋ ಒಬ್ಬ ಬ್ರೇಕ್ ಒತ್ತಿದ್ರೂ ಹಿಂದೆ ಒಂದು ಮೈಲಿ ನಿಲ್ಲುತ್ತೆ. ಇಬ್ಬಿಬ್ರು ಕೂತ 1,600 ಕಾರು ಅಂದ್ರೆ 3,200 ಜನ. ಅದರಲ್ಲಿ 400 ಕಾರು ಒಬ್ಬೊಬ್ರದ್ದಾದ್ರೆ 2,800 ಜನ. ಅಷ್ಟೇ ತಾನೇ ಅನ್ಬೇಡಿ, ನಿಜವಾದ ತೊಂದರೆ ಬೇರೆ: 1,400 ಕಾರ್‌ಪೂಲ್ ಆಗ್ಲೇ ಓಡಾಡ್ತಿರೋ ಲೇನಿಗೆ ಈ 400 ಬಂದು ಸೇರಿದ್ರೆ 1,800 ಆಗುತ್ತೆ, ಲೇನ್ ಕುಸಿಯುತ್ತೆ, ಆಗ 1,600 ಕೂಡ ಹೋಗಲ್ಲ. ಅವಾಗ ಪಕ್ಕದ ಮನೆಯವನನ್ನ ಕಾಯ್ಕೊಂಡು, ಅವನ ಟೈಮಿಗೆ ಹೊಂದ್ಕೊಂಡು ಕಾರ್‌ಪೂಲ್ ಮಾಡ್ತಿದ್ದೋನು ಯೋಚ್ನೆ ಮಾಡ್ತಾನೆ, ಹೆಂಗಿದ್ರೂ ನಿಲ್ಲೋದೇ, ನಾನೂ ಒಬ್ನೇ ಹೋಗ್ತೀನಿ ಅಂತ. ಅಲ್ಲಿಗೆ ಒಂದು ಕಾರು ಎರಡಾಯ್ತು.

ಮದುವೆ ಮನೆ ಊಟದ ಮೊದಲ ಪಂಕ್ತಿ ಥರ ಇದು. ವಯಸ್ಸಾದವರು, ಮಕ್ಕಳು ಕೂರ್ಲಿ ಅಂತ ಬಿಟ್ಟಿರ್ತಾರೆ, ಆಮೇಲೆ ದೂರದ ಊರಿಂದ ಬಂದೋರು, ಬಸ್ಸಿಗೆ ಲೇಟಾಗೋರು, ಶುಗರ್ ಇರೋರು, ಗಂಡಿನ ಕಡೆಯೋರು, ಒಬ್ಬೊಬ್ರ ಕಾರಣಾನೂ ನ್ಯಾಯವಾದದ್ದೇ, ಯಾರನ್ನೂ ಎಬ್ಬಿಸೋಕಾಗಲ್ಲ, ಕೊನೆಗೆ ಅಜ್ಜಿ ಬಾಗಿಲಲ್ಲಿ ನಿಂತಿರ್ತಾಳೆ.

ಆದ್ರೆ ಇದು ಯಾವಾಗ್ಲೂ ಹೀಗೇ ಅಂತಾನೂ ಹೇಳೋಕಾಗಲ್ಲ, ಇಲ್ಲಿ ನನ್ನ ವಾದಕ್ಕೇ ಅಡ್ಡ ಬರೋ ಒಂದು ವಿಷಯ ಇದೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಹೈಬ್ರಿಡ್ ಕಾರುಗಳಿಗೆ ಹಳದಿ ಸ್ಟಿಕರ್ ಕೊಟ್ಟಿದ್ರು, ಒಟ್ಟು 85,000, ಪ್ರಿಯಸ್ ಇದ್ದೋರೆಲ್ಲಾ ಮೀಸೆ ತಿರುವ್ಕೊಂಡು ಓಡಾಡ್ತಿದ್ರು. 2011ರ ಜುಲೈ 1ಕ್ಕೆ ಅದನ್ನ ನಿಲ್ಲಿಸಿದ್ರು. ಕಾರ್‌ಪೂಲ್ ಲೇನ್ ವೇಗ ಜಾಸ್ತಿ ಆಗಬೇಕಿತ್ತಲ್ವಾ? ಬರ್ಕ್ಲಿ ಯೂನಿವರ್ಸಿಟಿಯ ಮೈಕಲ್ ಕ್ಯಾಸಿಡಿ ಮತ್ತು ಕಿಟೇ ಜಾಂಗ್ ನೋಡಿದ್ರೆ ಉಲ್ಟಾ ಆಗಿತ್ತು. ಹೈಬ್ರಿಡ್‌ಗಳು ಪಕ್ಕದ ಲೇನಿಗೆ ಹೋಗಿ ಅದು ಇನ್ನೂ ನಿಧಾನ ಆಯ್ತು, ಪಕ್ಕದಲ್ಲಿ ಎಲ್ಲಾ ನಿಂತಿರುವಾಗ ಕಾರ್‌ಪೂಲ್‌ನವರಿಗೂ ಜೋರಾಗಿ ಹೋಗೋಕೆ ಭಯ, ಯಾವನು ಯಾವಾಗ ನುಗ್ತಾನೋ ಅಂತ, ಹಾಗಾಗಿ ಅವರೂ ನಿಧಾನ ಆದ್ರು. ಅಂದ್ರೆ ಲೇನಲ್ಲಿ ಜಾಗ ಮಿಕ್ಕಿದ್ರೆ ಕೆಲವರನ್ನ ಒಳಗೆ ಬಿಟ್ಕೊಳ್ಳೋದ್ರಿಂದ ಎಲ್ಲರಿಗೂ ಒಳ್ಳೇದಾಗಬಹುದು. ಖಾಲಿ ಹೊಡೀತಿರೋ ಲೇನ್ ನೋಡಿ ಪಕ್ಕದ ಜಾಮಲ್ಲಿ ಕೂತೋರಿಗೆ ಮೈ ಉರಿಯೋದೂ ಸುಳ್ಳಲ್ಲ, ನ್ಯೂಜರ್ಸಿ 1998ರಲ್ಲಿ ಇಂಟರ್‌ಸ್ಟೇಟ್ 287ರ ಕಾರ್‌ಪೂಲ್ ಲೇನನ್ನ ತೆಗೆದೇ ಹಾಕ್ತು. ಅದಕ್ಕೂ ಮುಂಚೆ 1976ರಲ್ಲಿ ಲಾಸ್ ಏಂಜಲೀಸಿನ ಸಾಂಟಾ ಮೋನಿಕಾ ಫ್ರೀವೇಯಲ್ಲಿ ಇದ್ದ ಲೇನನ್ನೇ ಕಿತ್ಕೊಂಡು ಕಾರ್‌ಪೂಲಿಗೆ ಕೊಟ್ರು, ಜನ ರೊಚ್ಚಿಗೆದ್ದು 21 ವಾರಕ್ಕೆ ಕೋರ್ಟಲ್ಲಿ ನಿಂತೋಯ್ತು.

ಹಾಗಾದ್ರೆ ಜಾಗ ಇರೋ ಕಡೆ ಸೈನಿಕರನ್ನ ಬಿಟ್ರೇನು ತಪ್ಪು? ನನ್ನ ತಕರಾರು ಇರೋದೇ ಇಲ್ಲಿ. ಕಾರಿನ ಸ್ಟಿಕರಿಗೆ ಎಕ್ಸ್‌ಪೈರಿ ಡೇಟ್ ಹಾಕಬಹುದು, ಬಣ್ಣ ಬದಲಾಯಿಸಬಹುದು, 85,000 ಆದ್ಮೇಲೆ ನಿಲ್ಲಿಸಬಹುದು, ಲೇನ್ ತುಂಬಿದ ದಿನ ವಾಪಸ್ ತಗೋಬಹುದು. ಟೆಸ್ಲಾದವರು ಎರಡು ದಿನ ಗೊಣಗ್ತಾರೆ ಸುಮ್ನಾಗ್ತಾರೆ. ಗೌರವ ಅಂತ ಕೊಟ್ಟಿದ್ದಕ್ಕೆ ಎಕ್ಸ್‌ಪೈರಿ ಹಾಕೋರು ಯಾರು? ಲೇನ್ ತುಂಬಿದೆ, ಇನ್ಮೇಲೆ ಸೈನಿಕರಿಗೆ ಇಲ್ಲ ಅಂತ ಯಾವ ಶಾಸಕ ಮೈಕ್ ಮುಂದೆ ನಿಂತು ಹೇಳ್ತಾನೆ? ಕೊಡೋವಾಗ ಮಾತ್ರ ಬಲು ಸುಲಭ, ಬಜೆಟ್ಟಲ್ಲಿ ಒಂದು ಡಾಲರ್ ಖರ್ಚಿಲ್ಲ, ವಿರೋಧ ಮಾಡೋರಿಲ್ಲ, ಫೋಟೋ ಚೆನ್ನಾಗಿ ಬರುತ್ತೆ. ಅತ್ತೆಯ ಧನ ಅಳಿಯ ದಾನ ಅಂತಾರಲ್ಲ ಹಾಗೆ, ಕೊಡ್ತಿರೋದು ಸರ್ಕಾರದ ದುಡ್ಡಲ್ಲ, ಬಸ್ಸಲ್ಲಿ ಕೂತಿರೋ ನಲವತ್ತು ಜನರ ಟೈಮು.

ಹ್ಯಾಂಪ್ಟನ್ ರೋಡ್ಸ್ ಕಥೆಗೆ ವಾಪಸ್ ಬರ್ತೀನಿ, ಅಲ್ಲಿ ವಿನಾಯ್ತಿ ಕೇಳಿದ್ದು ಸುಮ್ನೆ ಅಲ್ಲ. ನಾರ್ಫೋಕ್‌ನ ನೌಕಾ ನೆಲೆ ಪ್ರಪಂಚದಲ್ಲೇ ದೊಡ್ಡದು ಅಂತಾರೆ. ಊರಿನ ಭೂಗೋಳ ಹೇಗಿದೆ ಅಂದ್ರೆ ಎಲ್ಲಿ ನೋಡಿದ್ರೂ ನೀರು, ನೀರು ದಾಟೋಕೆ ಸೇತುವೆ, ಸೇತುವೆ ಮಧ್ಯೆ ಹಡಗು ಹೋಗ್ಲಿ ಅಂತ ಸುರಂಗ, ಒಂದು ಸುರಂಗದ ಬಾಯಲ್ಲಿ ಒಂದು ಟ್ರಕ್ ಕೆಟ್ಟು ನಿಂತ್ರೆ ಅರ್ಧ ಊರು ನಿಲ್ಲುತ್ತೆ. ಸೈನ್ಯದಲ್ಲಿ ಬೆಳಿಗ್ಗೆ ಹಾಜರಿ ತಪ್ಪಿದ್ರೆ ಟ್ರಾಫಿಕ್ ಇತ್ತು ಸಾರ್ ಅನ್ನೋದು ನಡೆಯಲ್ಲ, ಅದು ಶಿಸ್ತಿನ ಪ್ರಶ್ನೆ ಆಗುತ್ತೆ. ಮತ್ತೆ ಅಲ್ಲಿ ಆ ಲೇನಿನ ಉದ್ದೇಶಾನೇ ಬಹುಪಾಲು ನೆಲೆಗೆ ಹೋಗೋ ಟ್ರಾಫಿಕ್ಕು. ಇಷ್ಟೆಲ್ಲಾ ಇದ್ರೂ ಕಾನೂನು ಮಾಡಿದೋರು ನಾಲ್ಕು ಷರತ್ತು ಹಾಕಿದ್ರಲ್ಲ, ಇಡೀ ರಾಜ್ಯಕ್ಕೆ ಕೊಡದೆ ಎರಡು ರಸ್ತೆಗೆ ಕಟ್ಟಿ ಹಾಕಿದ್ರಲ್ಲ, ಅದು ಬುದ್ಧಿವಂತಿಕೆ. ಯೂನಿಫಾರ್ಮ್ ಯಾಕೆ ಅಂದ್ರೆ, ಪಕ್ಕದಲ್ಲಿ ಹೋಗ್ತಿರೋ ಟ್ರೂಪರ್, ಅಂದ್ರೆ ರಾಜ್ಯದ ಪೊಲೀಸ್, ಕಿಟಕಿಯಿಂದ ನೋಡಿ ಹೇಳೋಕಾಗಬೇಕು, ಗಾಡಿ ನಿಲ್ಲಿಸಿ ಐಡಿ ಕಾರ್ಡ್ ನೋಡೋಕೆ ಹೋದ್ರೆ ಅದೇ ಒಂದು ಜಾಮ್ ಆಗುತ್ತೆ.

ಆಮೇಲೆ ಏನಾಯ್ತು ಗೊತ್ತಾ? 2018ರ ಜನವರಿಯಲ್ಲಿ ಇಂಟರ್‌ಸ್ಟೇಟ್ 64ರ ಸುಮಾರು ಎಂಟು ಮೈಲಿ ಕಾರ್‌ಪೂಲ್ ಲೇನನ್ನ ಎಕ್ಸ್‌ಪ್ರೆಸ್ ಲೇನ್ ಮಾಡಿದ್ರು. ಇಬ್ರು ಇದ್ರೆ ಫ್ರೀ, ಒಬ್ರೇ ಆದ್ರೆ ಟೋಲ್ ಕೊಡಿ, ಟ್ರಾಫಿಕ್ ಜಾಸ್ತಿ ಆದಷ್ಟೂ ಟೋಲ್ ಜಾಸ್ತಿ. ಟೋಲ್ ಲೇನಿಗೆ ಕಾನೂನಿನ ಸೆಕ್ಷನ್ನೇ ಬೇರೆ, ಅದರ ವಿನಾಯ್ತಿ ಪಟ್ಟೀಲಿ ಯೂನಿಫಾರ್ಮಿನ ಮಾತಿಲ್ಲ. ಅಲ್ಲಿ ನೋಡೋನು ಟ್ರೂಪರ್ ಅಲ್ಲ, ಕಂಬದ ಮೇಲಿರೋ ಮೆಷಿನ್ನು. ಅದಕ್ಕೆ ಕಾಣೋದು ನಂಬರ್ ಪ್ಲೇಟು, ಈಝೀಪಾಸ್ ಅನ್ನೋ ಟೋಲ್ ಡಬ್ಬಿ, ಅಂದ್ರೆ ಟ್ರಾನ್ಸ್‌ಪಾಂಡರ್, ಮತ್ತೆ ಡಬ್ಬಿಯ ಕಾರ್‌ಪೂಲ್ ಸ್ವಿಚ್ ಯಾವ ಕಡೆ ಇದೆ ಅನ್ನೋದು. ಅಂಗಿ ಬಣ್ಣ ಅದಕ್ಕೆ ಕಾಣಲ್ಲ. ಯಾವ ಶಾಸಕನೂ ಮೈಕ್ ಮುಂದೆ ಹೇಳೋಕೆ ಧೈರ್ಯ ಮಾಡದೇ ಇರೋದನ್ನ ಒಂದು ಟ್ರಾನ್ಸ್‌ಪಾಂಡರ್ ಸದ್ದಿಲ್ದೆ ಮಾಡಿ ಮುಗಿಸ್ತು.

ಟೋಲ್ ಬಂದ್ಮೇಲೆ ವಿನಾಯ್ತಿಗೆ ಬೆಲೆ ಕೂಡ ಬಂತು, ಅದು ನನ್ನ ಪ್ರಕಾರ ಒಳ್ಳೇದೇ, ಕಣ್ಣಿಗೆ ಕಾಣೋ ಹಾಗಾಯ್ತು. ವಾಷಿಂಗ್ಟನ್ ಪಕ್ಕ, ಉತ್ತರ ವರ್ಜೀನಿಯಾದ 495 ಎಕ್ಸ್‌ಪ್ರೆಸ್ ಲೇನನ್ನ ನಡೆಸೋದು ಟ್ರಾನ್ಸ್‌ಅರ್ಬನ್ ಅನ್ನೋ ಆಸ್ಟ್ರೇಲಿಯಾದ ಕಂಪನಿ. ಸರ್ಕಾರದ ಜೊತೆ ಅವರ ಒಪ್ಪಂದದಲ್ಲಿ ಒಂದು ಮಜಾ ಇದೆ: ಫ್ರೀ ಕಾರ್‌ಪೂಲ್ ಗಾಡಿಗಳು ಒಟ್ಟು ಟ್ರಾಫಿಕ್‌ನಲ್ಲಿ 24 ಶೇಕಡ ದಾಟಿದ್ರೆ ಸರ್ಕಾರ ಕಂಪನಿಗೆ ಪರಿಹಾರ ಕಟ್ಟಿಕೊಡಬೇಕಾಗಬಹುದು. ಜನ ಕಾರ್‌ಪೂಲ್ ಮಾಡೋದು ಜಾಸ್ತಿ ಆದ್ರೆ ಸರ್ಕಾರಕ್ಕೆ ನಷ್ಟ, ಯಾರು ಬರೆದ್ರೋ ಈ ಒಪ್ಪಂದಾನ! ಇಂಥಾ ಲೇನಲ್ಲಿ ಸೈನಿಕರಿಗೆ ಫ್ರೀ ಅಂತ ಘೋಷಣೆ ಮಾಡೋದು ಅಂದ್ರೆ ಯಾರದೋ ಜೇಬಿಂದ ದುಡ್ಡು ತೆಗೀಬೇಕು, ಅವಾಗ ಯಾರ ಜೇಬು ಅನ್ನೋ ಪ್ರಶ್ನೆ ಹುಟ್ಟುತ್ತೆ. ಹಳೇ ಕಾರ್‌ಪೂಲ್ ಲೇನಲ್ಲಿ ಆ ಪ್ರಶ್ನೆ ಹುಟ್ತಾನೇ ಇರಲಿಲ್ಲ.

ನಮ್ಮ ದೇಶದ್ದು ಇದಕ್ಕಿಂತ ಹಳೇ ಜಗಳ. ಸೈನ್ಯದವರಿಗೆ ಟೋಲ್ ವಿನಾಯ್ತಿ ಕೊಡೋ ಕಾನೂನು ನಮ್ಮಲ್ಲಿ 1901ರದ್ದು, ಬ್ರಿಟಿಷರ ಕಾಲದ ಇಂಡಿಯನ್ ಟೋಲ್ಸ್ ಆಕ್ಟು, ಇನ್ನೂ ಜಾರಿಯಲ್ಲಿದೆ. ಅದರ ಮುಖ್ಯ ಮಾತು ಡ್ಯೂಟಿ ಮೇಲಿರೋದು. ಸ್ವಂತ ಕಾರಲ್ಲಿ ರಜೆಗೆ ಊರಿಗೆ ಹೋಗ್ತಾ ಕಾರ್ಡ್ ತೋರ್ಸಿದ್ರೆ ಅದು ಡ್ಯೂಟಿನಾ ಅಲ್ವಾ ಅಂತ ಟೋಲ್ ಬೂತಲ್ಲಿ ಹತ್ತು ನಿಮಿಷ ಜಗಳ, ಹಿಂದೆ ಹಾರ್ನು, ಇದನ್ನ ನೋಡದೇ ಇರೋರು ಕಮ್ಮಿ. ಫಾಸ್ಟ್ಯಾಗ್ ಬಂದ್ಮೇಲೆ ಇಲ್ಲೂ ಮೆಷಿನ್ನೇ ಮೊದಲು ತೀರ್ಮಾನ ಮಾಡುತ್ತೆ, ವಾದ ಆಮೇಲೆ. ಬೆಂಗಳೂರಲ್ಲಿ ಕಾರ್‌ಪೂಲ್ ಲೇನ್ ಅಂತ ಇಲ್ಲ, 2019ರ ಕೊನೇಲಿ ಔಟರ್ ರಿಂಗ್ ರೋಡಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಬಿಎಂಟಿಸಿಗೆ ಅಂತ ಬಸ್ ಲೇನ್ ಮಾಡಿದ್ರು, ಬೊಲ್ಲಾರ್ಡ್ ನೆಟ್ಟಿದ್ರು, ಆಂಬುಲೆನ್ಸಿಗೆ ಮಾತ್ರ ಬಿಡ್ತಿದ್ರು, ಆಮೇಲೆ ಕೋವಿಡ್ಡು, ಮೆಟ್ರೋ ಕಾಮಗಾರಿ, ಲೇನ್ ಹೋಯ್ತು ಕಂಬಗಳ ಬುಡ ಉಳೀತು. ಆಂಬುಲೆನ್ಸಿಗೆ ದಾರಿ ಬಿಡದಿದ್ರೆ ಹತ್ತು ಸಾವಿರ ದಂಡ ಅಂತ 2019ರ ತಿದ್ದುಪಡಿ ಹೇಳುತ್ತೆ, ದಾರಿ ಬಿಡೋಕೆ ಜಾಗ ಎಲ್ಲಿದೆ ಅಂತ ಹೇಳಲ್ಲ.

ಹೆಚ್ಚು ಜನ ಕೂರ್ಸೋ ರೂಲಿಂದ ಏನಾದ್ರೂ ಪ್ರಯೋಜನ ಇದ್ಯಾ ಅಂತ ಅನುಮಾನ ಇರೋರಿಗೆ ಜಕಾರ್ತಾ ಕಥೆ ಹೇಳಬೇಕು. ಅಲ್ಲಿ ಪೀಕ್ ಅವರಲ್ಲಿ ಮುಖ್ಯ ರಸ್ತೆಗಳಿಗೆ ಬರೋ ಕಾರಲ್ಲಿ ಮೂವರಿರಬೇಕು ಅಂತ ರೂಲಿತ್ತು, ಜನ ರಸ್ತೆ ಪಕ್ಕ ಬಾಡಿಗೆಗೆ ಕೂರೋ ಜಾಕಿಗಳನ್ನ ಹತ್ತಿಸ್ಕೊಂಡು ಹೋಗ್ತಿದ್ರು, ಕೆಲವರ ಕಂಕುಳಲ್ಲಿ ಮಗು, ಒಬ್ರಿಗೆ ಕಾಸು ಕೊಟ್ರೆ ಇಬ್ರು ಲೆಕ್ಕ. ಇದೊಂದು ನಾಟಕ ಅಂತ 2016ರಲ್ಲಿ ರೂಲನ್ನೇ ತೆಗೆದ್ರು. ಬೆಳಿಗ್ಗೆ ಟ್ರಾಫಿಕ್ ವಿಳಂಬ 46 ಶೇಕಡ, ಸಾಯಂಕಾಲ 87 ಶೇಕಡ ಏರ್ತು ಅಂತ 2017ರಲ್ಲಿ ಸೈನ್ಸ್ ಪತ್ರಿಕೇಲಿ ಬಂದ ಅಧ್ಯಯನ ತೋರಿಸ್ತು. ಅದನ್ನ ಬರೆದ ಮೂವರಲ್ಲಿ ಒಬ್ರಾದ ಗೇಬ್ರಿಯಲ್ ಕ್ರೈಂಡ್ಲರ್ ನಮ್ಮ ಬೆಂಗಳೂರಿನ ಟ್ರಾಫಿಕ್ ಮೇಲೂ ಕೆಲಸ ಮಾಡಿದಾರೆ. ಕಳ್ಳಾಟ ಇದ್ರೂ ರೂಲು ಕೆಲಸ ಮಾಡ್ತಿತ್ತು, ಹೋದ್ಮೇಲೇ ಗೊತ್ತಾಗಿದ್ದು.

ಇನ್ನು ಸೈನಿಕರನ್ನ ಬೇಗ ತಲುಪಿಸೋದೇ ಗುರಿ ಅಂದ್ರೆ ಅದಕ್ಕೆ ದಾರಿ ಆಗ್ಲೇ ಇದೆ. ಅಮೆರಿಕದ ಕೇಂದ್ರ ಸರ್ಕಾರಿ ನೌಕರರು, ಯೂನಿಫಾರ್ಮಿನವರೂ ಸೇರಿ, ಒಂದೇ ವ್ಯಾನಲ್ಲಿ ಒಟ್ಟಿಗೆ ಹೋಗೋ ವ್ಯಾನ್‌ಪೂಲಿಗೆ ತಿಂಗಳಿಗೆ ಇಷ್ಟು ಅಂತ ಟ್ರಾನ್ಸಿಟ್ ಭತ್ಯೆ ತಗೋಬಹುದು, 2025ರಲ್ಲಿ ಮಿತಿ 325 ಡಾಲರ್. ಒಂದೇ ಗೇಟಿಗೆ, ಒಂದೇ ಹೊತ್ತಿಗೆ, ಪ್ರತಿದಿನ ಹೋಗೋ ಸಾವಿರಾರು ಜನ ಅಂದ್ರೆ ಕಾರ್‌ಪೂಲಿಗೆ ಹೇಳಿ ಮಾಡಿಸಿದ ಗುಂಪು, ಸಾಫ್ಟ್‌ವೇರ್‌ನವರ ಥರ ಒಬ್ಬ ಒಂಬತ್ತಕ್ಕೆ ಒಬ್ಬ ಹನ್ನೊಂದಕ್ಕೆ ಅಲ್ಲ. ಫೈರ್‌ಫೈಟರ್‌ಗಳದ್ದು ನರ್ಸುಗಳದ್ದು ಅಷ್ಟು ಸುಲಭ ಅಲ್ಲ ಒಪ್ತೀನಿ, ಮನೆ ಬಾಡಿಗೆ ಕಾಟಕ್ಕೆ ದೂರ ದೂರ ಹರಡಿರ್ತಾರೆ, ಶಿಫ್ಟ್ ಎಷ್ಟೊತ್ತಿಗೆ ಮುಗಿಯುತ್ತೋ ಹೇಳೋಕಾಗಲ್ಲ. ಅವರಿಗೆ ಕೊಡಲೇಬೇಕಂದ್ರೆ ಟೋಲಲ್ಲಿ ರಿಯಾಯ್ತಿ ಕೊಟ್ಟು ಅದನ್ನ ಆಸ್ಪತ್ರೆನೋ ಊರಿನ ಬಜೆಟ್ಟೋ ಕಟ್ಟಲಿ, ಲೇನಿನ ಲೆಕ್ಕ ಲೇನಿಗೆ ಇರ್ಲಿ.

ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್ ಹತ್ರ ಹೀಗೆ ಒಟ್ಟಿಗೆ ಹೋಗೋದನ್ನ ಯಾರೂ ಹೇಳಿಕೊಡದೇ ಜನಾನೇ ಕಂಡ್ಕೊಂಡಿದಾರೆ. ಪಕ್ಕದ ಶರ್ಲಿ ಹೈವೇಯಲ್ಲಿ 1969ರಲ್ಲಿ ಬಸ್ಸಿಗೆ ಬಿಟ್ಟ ಲೇನನ್ನ 1973ರಲ್ಲಿ, ಆ ಪೆಟ್ರೋಲ್ ಬರಗಾಲದ ವರ್ಷ, ನಾಲ್ಕು ಜನ ಇರೋ ಕಾರುಗಳಿಗೂ ತೆರೆದ್ರು, ಈಗ ಮೂವರು ಸಾಕು. ಮೂವರನ್ನ ಎಲ್ಲಿಂದ ತರೋದು? ಡ್ರೈವರ್‌ಗಳು ಬಸ್ ಸ್ಟಾಪಲ್ಲಿ ನಿಂತೋರನ್ನೇ ಹತ್ತಿಸ್ಕೊಳ್ಳೋಕೆ ಶುರು ಮಾಡಿದ್ರು, ಬಸ್ ಡ್ರೈವರ್‌ಗಳು ಸಿಟ್ಟಲ್ಲಿ ಇವರಿಗೆ ಸ್ಲಗ್ ಅಂತ ಹೆಸರಿಟ್ರು, ನಕಲಿ ನಾಣ್ಯಕ್ಕೆ ಹಾಗಂತಾರೆ. ಹೆಸರು ಹಾಗೇ ನಿಂತ್ಕೊಳ್ತು. ಇವತ್ತಿಗೂ ಸಾಯಂಕಾಲ ಪೆಂಟಗನ್ ಪಾರ್ಕಿಂಗಲ್ಲಿ ಸಾಲು ನಿಲ್ತಾರೆ, ಯೂನಿಫಾರ್ಮಲ್ಲಿರೋರೂ ಇರ್ತಾರೆ ಟೈ ಕಟ್ಟಿರೋರೂ ಇರ್ತಾರೆ, ಕಾರು ಬಂದು ನಿಂತು ಕಿಟಕಿ ಇಳಿಸಿ ಹಾರ್ನರ್ ರೋಡ್ ಅಂತ ತಾನು ಹೋಗೋ ಜಾಗದ ಹೆಸರು ಕೂಗಿದ್ರೆ ಮುಂದಿರೋ ಇಬ್ರು ಹತ್ಕೋತಾರೆ. ದುಡ್ಡು ಕೊಡಂಗಿಲ್ಲ, ಡ್ರೈವರ್ ಮಾತಾಡಿಸದೇ ಮಾತಾಡಂಗಿಲ್ಲ, ರ್‍ಯಾಂಕ್ ನೋಡಂಗಿಲ್ಲ, ಸಾಲಲ್ಲಿ ಯಾರು ಮುಂದೆ ನಿಂತಿದಾರೋ ಅವರೇ ಮೊದಲು.